ಕೊರಳಿನ ನೀಲಿ ಗುರುತು

"ಆಕಿ ಇನ್ನೂ ಅಲ್ಲೇ ಕುಂತಾಳ ನೋಡ್ರಿ ಡಾಕ್ಟರಬಾಯಿ. ನನ್ನ ಮಗಳ ಕುತ್ತಿಗಿ ಮುರದು, ಈಗ ಬಾಳಿಹಣ್ಣ ಹಿಡಕೊಂಡು ನೋಡಾಕ ಬಂದಾಳ."

ಹೀಗೆಂದವಳು ಬಾಳವ್ವ. ಜಮಖಂಡಿಯ ಆಸ್ಪತ್ರೆಯಲ್ಲಿ ಚಿತ್ರ ತೆಗೆಯುವ ಕೋಣೆಯ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದಳು. ತನ್ನ ಖಾನಾವಳಿಯಿಂದ ಎದ್ದು ಬಂದವಳ ಮುಂಗೈಗೆ ಜೋಳದ ಹಿಟ್ಟು ಇನ್ನೂ ಅಂಟಿಕೊಂಡಿತ್ತು. ಅವಳು ಬೊಟ್ಟು ಮಾಡಿದ ಕಡೆ, ಹೊರಗಿನ ಬೆಂಚಿನ ತುದಿಯಲ್ಲಿ, ಹಳಿಯಾಳದ ರುಕ್ಮಾ ಗಾವಡೆ ತಲೆ ತಗ್ಗಿಸಿ ಕುಳಿತಿದ್ದಳು. ಅಗಲ ಹೆಗಲಿನ, ಗಟ್ಟಿ ಮೈಯ ಹುಡುಗಿ. ಆದರೆ ಅಂದು ಆ ಮೈಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯದವಳ ಹಾಗೆ ಮುದುಡಿಕೊಂಡಿದ್ದಳು.

"ಮುರದಿಲ್ಲ ಬಾಳವ್ವಾರ," ಎಂದರು ಡಾಕ್ಟರ್ ಅನಸೂಯಾ ಪತ್ತಾರ. "ಮೊದಲನೇ ಚಿತ್ರದಾಗ ನೋಡೀನಿ. ಎಲುಬು ಎಲ್ಲಾ ಸರಿ ಅದಾವ."

"ಎಲುಬು ಸರಿ ಇದ್ರ ಆಕಿ ಎಡಗಣ್ಣಿನ ರೆಪ್ಪಿ ಯಾಕ ಜೋತ ಬಿದ್ದೈತಿ? ಮುಂಜಾನಿಂದ ಮನಿ ತಿರಗಾಕತ್ತೈತಿ, ಗ್ವಾಡಿ ತಿರಗಾಕತ್ತೈತಿ ಅಂತಾಳ."

ಒಳ್ಳೆಯ ಪ್ರಶ್ನೆ. ಡಾಕ್ಟರಿಗೂ ಅದೇ ಪ್ರಶ್ನೆ ಇತ್ತು. "ಅದನ್ನ ತೊಟ್ಟಿಲಾ ಹೇಳತೈತಿ. ನೀವು ಹೊರಗ ಕುಂಡರ್ರಿ. ಆಕಿ ಜೋಡಿ ಜಗಳಾ ಮಾಡಬ್ಯಾಡ್ರಿ ಮತ್ತ."

"ನಾ ಯಾಕ ಮಾಡಲಿ? ಬೆಂಚಿನ ಈ ತುದಿಗೆ ನಾ ಕುಂಡ್ರತೀನಿ, ಆ ತುದಿಗೆ ಆಕಿ. ನಡುವ ದೇವರು."

ಹಿಂದಿನ ದಿನ ಆದದ್ದು ಇಷ್ಟು. ಬಾಳವ್ವನ ಮಗಳು ಕಸ್ತೂರಿ ಮತ್ತು ಈ ರುಕ್ಮಾ ಊರ ಕುಸ್ತಿ ಕಣದಲ್ಲಿ ಎದುರಾಗಿದ್ದರು. ಬಹಳ ಹೊತ್ತು ಯಾರೂ ಸೋಲಲಿಲ್ಲ. ಕೊನೆಗೆ ರುಕ್ಮಾ ಧೋಬಿ ಪಟ್ಟು ಹಾಕಿದಳು. ಅಗಸರು ಬಟ್ಟೆ ಒಗೆಯುವಾಗ ಹೆಗಲ ಮೇಲಿಂದ ಎತ್ತಿ ಕಲ್ಲಿಗೆ ಹಾಕುತ್ತಾರಲ್ಲ, ಹಾಗೆ ಎದುರಾಳಿಯನ್ನು ಎತ್ತಿ ಮಣ್ಣಿಗೆ ಹಾಕುವ ಪಟ್ಟು ಅದು. ಕಸ್ತೂರಿ ಕುತ್ತಿಗೆಯ ಬಲಮಗ್ಗುಲು ಮಣ್ಣಿಗೆ ಬಡಿಯುವ ಹಾಗೆ ಬಿದ್ದಳು, ಚಿತ್ತಾದಳು. ಎದ್ದಳು, ನಕ್ಕಳು, ರುಕ್ಮಾಳನ್ನು ತಬ್ಬಿಕೊಂಡಳು, ಮನೆಗೆ ಹೋದಳು. ಬೆಳಗಾಗುವಷ್ಟರಲ್ಲಿ ಗೋಡೆಗಳು ತಿರುಗತೊಡಗಿದವು.

ಇನ್ನು ಆ ತೊಟ್ಟಿಲಿನ ಮಾತು. ಆ ಯಂತ್ರಕ್ಕೊಂದು ಉದ್ದನೆಯ ಕಂಪನಿ ಹೆಸರಿತ್ತು, ಜಮಖಂಡಿಯ ನಾಲಿಗೆ ಅದನ್ನು ಉರುಳಿಸಲು ಹೋಗಲಿಲ್ಲ. ಮಲಗಿದವರನ್ನು ಮೆಲ್ಲಗೆ ತೂಗುತ್ತದೆ, ಗುಂಯ್ ಎಂದು ಹಾಡುತ್ತದೆ, ಹಾಗಾಗಿ ತೊಟ್ಟಿಲು. ಅದರ ಕೆಲಸವೂ ಆ ಹಾಡಿನಲ್ಲೇ. ನಮ್ಮ ಕೊರಳಿನ ಒಂದೊಂದು ಎಳೆಯೂ, ಸ್ನಾಯುವಿರಲಿ, ನರವಿರಲಿ, ರಕ್ತನಾಳದ ಗೋಡೆ ಇರಲಿ, ತಂಬೂರಿಯ ತಂತಿಯ ಹಾಗೆ. ಹಾಡು ತಾಕಿದಾಗ ಮಿಡಿಯುತ್ತದೆ. ಎಂದೋ ಒಮ್ಮೆ ಅತಿಯಾಗಿ ಎಳೆದ ತಂತಿ ಕೊಂಚ ತಡವಾಗಿ ಮಿಡಿಯುತ್ತದೆ. ಎಷ್ಟು ತಡ, ಯಾವ ಕಡೆಗೆ ತಡ ಎಂಬುದನ್ನು ಕೂಡಿಸಿ ನೋಡಿದರೆ ಆ ಕೊರಳು ಹೇಗೆ ತಿರುಗಿತ್ತು, ಯಾವ ಪೆಟ್ಟಿಗೆ ಎತ್ತ ಬಾಗಿತ್ತು ಎಂಬುದೆಲ್ಲ ಹಿಂದಕ್ಕೆ ಹಿಂದಕ್ಕೆ ಓಡುವ ಚಿತ್ರವಾಗಿ ಬರುತ್ತದೆ. ಅದನ್ನು 'ಹಿಂದೋಟ' ಎನ್ನುತ್ತಿದ್ದರು. ಒಂದೇ ಷರತ್ತು: ಮಲಗಿದವರು ಎಚ್ಚರವಾಗಿರಬಾರದು, ಪೂರ್ತಿ ನಿದ್ದೆಯನ್ನೂ ಮಾಡಬಾರದು. ಮಧ್ಯಾಹ್ನ ಉಂಡ ಮೇಲೆ ಗೋಡೆಗೊರಗಿದವರಿಗೆ ಬರುತ್ತದಲ್ಲ, ಅಂಥ ಮಂಪರು ಬೇಕು.

ಊರು ತೊಟ್ಟಿಲಿಗೆ ಬೇಗ ಒಗ್ಗಿಕೊಂಡಿತು. ಡ್ರೈವರ್ ಇಲ್ಲದೆ ಓಡುವ ಬಸ್ಸಿಗೂ ಮೂತಿಗೊಂದು ಲಿಂಬೆಹಣ್ಣು ಕಟ್ಟಿ ಒಗ್ಗಿಕೊಂಡ ಊರು ಅದು. 'ಬೇಕಾದ್ರ ನನ್ನ ಕೊರಳ ನೋಡ್ರಿ' ಎಂಬುದು ಆಣೆಯ ಮಾತಾಯಿತು. ಒಬ್ಬ ಮಹಾಶಯ ಹೆಂಡತಿಯನ್ನು ಕರೆದುಕೊಂಡು ಬಂದು, ಇವಳು ಪಕ್ಕದ ಮನೆಯ ಕಡೆಗೆ ಎಷ್ಟು ಸಲ ತಿರುಗಿ ನೋಡಿದ್ದಾಳೆ ಹೇಳಿ ಎಂದಿದ್ದ. ಅನಸೂಯಾ ಅವನನ್ನು ಕೂರಿಸಿ, "ನಿಮಗ ತಲಿನೋವ ಐತೇನು?" ಎಂದು ಕೇಳಿ ಒಂದು ಗುಳಿಗೆ ಕೊಟ್ಟು ಕಳಿಸಿದ್ದರು. ಇಂಥವರ ಕಾಟಕ್ಕೇ ನಿಯಮ ಬಂದದ್ದು: ಕೊರಳು ಯಾರದೋ ಅವರು ಹೂಂ ಎನ್ನದೆ ಹಿಂದೋಟವನ್ನು ಬೇರೆಯವರಿಗೆ ತೋರಿಸುವಂತಿಲ್ಲ, ಹೇಳುವಂತೆಯೂ ಇಲ್ಲ.

ತಜ್ಞರಲ್ಲೂ ಒಂದು ಮರ್ಯಾದೆ ಬೆಳೆದಿತ್ತು. ಹಿಂದೋಟವನ್ನು ತೀರಾ ತಳದವರೆಗೆ ಬಿಡುತ್ತಿರಲಿಲ್ಲ. ತಳದಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಯಾರ ಕೊರಳೇ ಆಗಲಿ, ಎಲ್ಲಕ್ಕೂ ಮೊದಲಿನ ಗುರುತು ಒಂದು ಅಂಗೈಯದು. ಕುತ್ತಿಗೆ ಇನ್ನೂ ನಿಲ್ಲದ ಕೂಸಿನ ತಲೆಗೆ ಯಾರೋ ಕೊಟ್ಟ ಆಸರೆ.

ಕಸ್ತೂರಿ ಮಲಗಿದಳು. ಗಾಜಿನ ಈಚೆ ಅನಸೂಯಾ ಪರದೆಯ ಮುಂದೆ ಕುಳಿತರು.

"ಅಕ್ಕಾರ, ನಿದ್ದಿ ಹತ್ತಿದ್ರ ಎಬಸ್ತೀರೇನು?"

"ತೊಟ್ಟಿಲಾ ಎಬಸ್ತೈತಿ. ನೀ ಸುಮ್ಮ ತೇಲು."

ಹಾಡು ಶುರುವಾಯಿತು. ಕಸ್ತೂರಿಗೆ ತಾನು ಕೃಷ್ಣಾ ನದಿಯ ಹಿನ್ನೀರಿನ ಮೇಲೆ ಅಂಗಾತ ತೇಲುತ್ತಿರುವ ಹಾಗೆ ಅನಿಸಿತು. ನೀರೇ ಕೊರಳನ್ನು ಹಿಡಿದಿತ್ತು. ಕಣದ ಕೆಂಪು ಮಣ್ಣು ಮೋಡವಾಗಿ ಮೇಲೆ ಹೋಗುತ್ತಿತ್ತು, ಜನರ ಶಿಳ್ಳೆಗಳು ಮೀನುಗಳಾಗಿ ಕಿವಿಯ ಪಕ್ಕದಲ್ಲಿ ಸರಿಯುತ್ತಿದ್ದವು. ಹೆದರಿಕೆ ಎಂಬುದು ದಡದಲ್ಲೆಲ್ಲೋ ಉಳಿದುಬಿಟ್ಟಿತ್ತು.

ಈಚೆ ಪರದೆಯಲ್ಲಿ ಅವಳ ಕೊರಳು ಮೂಡಿತು. ಅನಸೂಯಾ ಅಕ್ಕಸಾಲಿಗರ ಮನೆತನದವರು. ಮಣಿಮಣಿಯಾಗಿ ಒಂದರ ಮೇಲೊಂದು ಕೂತ ಕೊರಳೆಲುಬುಗಳನ್ನು ಕಂಡಾಗಲೆಲ್ಲ ಅವರಿಗೆ ಅಜ್ಜ ಪೋಣಿಸುತ್ತಿದ್ದ ಗುಂಡಿನ ಸರ ನೆನಪಾಗುತ್ತಿತ್ತು. ಆ ಮಣಿಗಳ ಎರಡೂ ಪಕ್ಕದ ತೂತುಗಳಲ್ಲಿ ಎರಡು ರಕ್ತನಾಳಗಳು ಮಿದುಳಿಗೆ ಏರುತ್ತವೆ. ಬಲಗಡೆಯದು ಚೆನ್ನಾಗಿ ಹರಿಯುತ್ತಿತ್ತು. ಎಡಗಡೆಯದು ಎರಡನೆಯ ಮಣಿಯ ಹತ್ತಿರ ಸಣಕಲಾಗಿತ್ತು.

ಹತ್ತಿರ ತಂದು ನೋಡಿದರು. ಕೋಟಿನ ಒಳಗಿನ ಅಸ್ತರು ಹರಿದು ಜೋತುಬಿದ್ದ ಹಾಗೆ ನಾಳದ ಒಳಪದರ ಹರಿದಿತ್ತು. ಆ ಹರುಕಿನೊಳಗೆ ರಕ್ತ ನುಗ್ಗಿ ನಿಂತು ಹೆಪ್ಪುಗಟ್ಟತೊಡಗಿತ್ತು. ಆ ಹೆಪ್ಪಿನ ಒಂದು ಚೂರು ಮೇಲೆ ಹೋದರೆ ಸಾಕು, ಲಕ್ವಾ, ಎಂದರೆ ಪಾರ್ಶ್ವವಾಯು. ಹೊಡೆತ ತಿಂದವರು ಎಲುಬು ಸರಿ ಇದೆ ಎಂದು ಮನೆಗೆ ಹೋಗಿ, ಕೆಲವು ದಿನಗಳ ಮೇಲೆ ಊಟಕ್ಕೆ ಕೂತಲ್ಲೇ ವಾಲಿಬಿಡುವುದು ಹೀಗೆ.

ಹರಿದದ್ದು ಕೂಡಿಕೊಳ್ಳಬೇಕಾದರೆ ರಕ್ತ ತೆಳುವಾಗಿಸುವ ಗುಳಿಗೆಯ ಜೊತೆಗೆ ಕೊರಳು ಸರಿಯಾದ ಕಡೆಗೆ ಮುಖ ಮಾಡಿ ಮಲಗಬೇಕು. ಯಾವ ಕಡೆ ತಿರುಗಿದಾಗ ಹರಿಯಿತೋ ಅದರ ವಿರುದ್ಧ ಕಡೆಗೆ. ತೊಟ್ಟಿಲು ಬಂದ ಮೇಲೆ ಕಲಿತ ಪಾಠ ಇದು. ಅದಕ್ಕೇ ಹಿಂದೋಟ ಬೇಕಾಗಿತ್ತು.

ಯಂತ್ರ ಗುರುತುಗಳನ್ನು ಎರಡು ಬಣ್ಣದಲ್ಲಿ ತೋರಿಸುತ್ತದೆ. ರಭಸದಿಂದ ಬಂದದ್ದು ಕೆಂಪು, ಏಟು. ನಿಧಾನವಾಗಿ, ಪಳಗಿದ ಕೈಯಿಂದ ಬಂದದ್ದು ನೀಲಿ. ಬಾಚಣಿಗೆ ಹಾಕಿದ್ದು, ಎಣ್ಣೆ ತಿಕ್ಕಿದ್ದು, ತಲೆ ನೇವರಿಸಿದ್ದು ಎಲ್ಲ ನೀಲಿ. ಬಲಮಗ್ಗುಲಲ್ಲಿ ದೊಡ್ಡದೊಂದು ಕೆಂಪು ಗುರುತು ಮೋದಕದ ಹಾಗೆ ಉಬ್ಬಿ ಕೂತಿತ್ತು. ಯಂತ್ರ ಅದರ ಪಕ್ಕದಲ್ಲಿ, ಕಾರಣ ಇದೇ ಎಂದು ಬಾಣ ಹಾಕಿತ್ತು. ರುಕ್ಮಾಳ ಧೋಬಿ ಪಟ್ಟು.

ಅನಸೂಯಾ ಅಲ್ಲಿಗೇ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಆ ಕೆಂಪು ಗುರುತು ಮಾಂಸದಲ್ಲೇ ನಿಂತಿತ್ತು, ನಾಳದವರೆಗೆ ಇಳಿದಿರಲಿಲ್ಲ. ಹರಿದದ್ದು ಆಚೆ ಮಗ್ಗುಲಲ್ಲಿ. ಹರುಕಿನ ಮೇಲೆ ಕೆಂಪಿನ ಸುಳಿವೇ ಇಲ್ಲ. ಅಲ್ಲಿ ಇದ್ದದ್ದು ನೀಲಿ.

ಆ ನೀಲಿಯನ್ನು ಬಿಡಿಸಿ, ಆದ ಕ್ರಮದಲ್ಲೇ ಮುಂದಕ್ಕೆ ಓಡಿಸಿದರು. ಪರದೆಯ ಮೇಲಿನ ಕೊರಳು ಮೆಲ್ಲಗೆ ಎಡಕ್ಕೊಮ್ಮೆ ತೂಗಿತು, ಬಲಕ್ಕೊಮ್ಮೆ ತೂಗಿತು. ನಿಂತಿತು. ಉಸಿರು ಹೊರಗೆ ಹೋಗುವುದನ್ನು ಕಾದಿತು. ಆಮೇಲೆ ಬಲಕ್ಕೆ, ಬಲು ನಯವಾಗಿ, ಒಂದೇ ಸಲಕ್ಕೆ ತಿರುಗಿತು.

ಅದೇ ಹೊತ್ತಿಗೆ ಗಾಜಿನ ಆಚೆಯಿಂದ, ಮಂಪರಿನಲ್ಲಿದ್ದ ಕಸ್ತೂರಿಯ ದನಿ ಸ್ಪೀಕರಿನಲ್ಲಿ ತೇಲಿ ಬಂತು. "ಬಿಟ್ಟೀನಿ ವಸ್ತಾದ."

ಆ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಸ್ತಿ ಮುಗಿದ ಮೇಲೆ ವಸ್ತಾದ, ಎಂದರೆ ಗರಡಿಯ ಗುರು, ಶಿಷ್ಯರನ್ನು ಮುಂದೆ ಕೂರಿಸಿಕೊಂಡು ಕುತ್ತಿಗೆಗೆ ಎಣ್ಣೆ ಹಚ್ಚಿ ಕಟಕ್ಕೆಂದು ನೆಟಿಗೆ ತೆಗೆಯಬೇಕು. ತೆಗೆಯದಿದ್ದರೆ ಕುಸ್ತಿ ಮುಗಿದ ಹಾಗಲ್ಲ. ವಸ್ತಾದ "ಬಿಡು" ಎನ್ನುತ್ತಾನೆ. ಶಿಷ್ಯರು ಕೊರಳನ್ನು ಅವನ ಕೈಗೆ ಪೂರ್ತಿ ಒಪ್ಪಿಸಿ "ಬಿಟ್ಟೀನಿ" ಎನ್ನುತ್ತಾರೆ.

ಎಚ್ಚರವಾದ ಕಸ್ತೂರಿಗೆ ಅನಸೂಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ನಿದ್ದಿಯೊಳಗ ನಾನೂ ನೋಡಿದ್ನಿರಿ," ಎಂದಳು ಅವಳು. "ಅವರ ಕೈ ಅಂತ ನಂಗೊತ್ತಾತು. ಎರಡು ತೂಗು ಅವರೊಬ್ರ ತೂಗೂದು. ಬ್ಯಾರೆ ಗರಡ್ಯಾಗ ಯಾರೂ ತೂಗೂದಿಲ್ಲ."

"ಬಿದ್ದ ಪೆಟ್ಟಿಗೆ ಕೊರಳ ಬಿಗದಿತ್ತು. ಬಿಗದ ಕೊರಳನ್ನ ತಿರುವ್ಯಾರ, ಹರದೈತಿ. ಅವರಿಗೆ ತಿಳಿಸೂಣು."

"ಬ್ಯಾಡ್ರಿ." ತಲೆ ಅಲ್ಲಾಡಿಸಲು ಹೋಗಿ ನೋವಾಗಿ ನಿಂತಳು. "ನಮ್ಮಪ್ಪ ಸತ್ತಾಗಿಂದ ಅವರು ಹಾಲು ಕುಡಿಸಿ ಬೆಳಿಸ್ಯಾರ. ಅವರಿಗೆ ಇದ ಗೊತ್ತಾದ್ರ ಗರಡಿ ಬಾಗಲಾ ಹಾಕ್ತಾರ. ನನ್ನ ಕೊರಳ ಐತಿ, ನಾ ಹೂಂ ಅನ್ನೂದಿಲ್ಲ."

"ಹೊರಗ ಕುಂತಾಕಿ?"

"ಆಕಿ ಗೆದ್ದಾಳ್ರಿ. ಗೆದ್ದವರಿಗೆ ಏನ ಆಗತೈತಿ?"

ನಿಯಮ ನಿಯಮವೇ. ಅನಸೂಯಾ ಅವಳಿಗೆ ಎಡಕ್ಕೆ ಮುಖ ಮಾಡಿಸಿ ಕೊರಳುಪಟ್ಟಿ ಕಟ್ಟಿ, ಗುಳಿಗೆ ಕೊಟ್ಟು, ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಗೋಡೆಗಳು ತಿರುಗುವುದು ನಿಂತ ಮೇಲೆ ಮನೆಗೆ ಕಳಿಸಿದರು.

ಮನೆಯೆಂದರೆ ಖಾನಾವಳಿಯ ಹಿಂದಿನ ಒಂದು ಪಡಸಾಲೆ. ಕಸ್ತೂರಿ ಮಂಚದ ಮೇಲೆ ಎಡಕ್ಕೆ ಮುಖ ಮಾಡಿ ಕೂತರೆ ಕಾಣುತ್ತಿದ್ದದ್ದು ಒಂದು ಕಿಟಕಿ, ಕಿಟಕಿಯಾಚೆ ಒಣಹಾಕಿದ ಸೀರೆಗಳು, ಅವುಗಳ ನಡುವೆ ಕಂಡು ಮರೆಯಾಗುವ ಆಕಾಶ. ಮಿಕ್ಕ ಜಗತ್ತೆಲ್ಲ ಅವಳಿಗೆ ಬೆನ್ನ ಹಿಂದಿನ ಸದ್ದಾಗಿತ್ತು. ತಾಯಿ ರೊಟ್ಟಿ ಬಡಿಯುವ ತಪತಪ. ಊಟಕ್ಕೆ ಬಂದವರು ಜುಣಕಕ್ಕೆ ಎಣ್ಣೆ ಕೇಳುವ ದನಿ. ಮೊದಮೊದಲು ಬೇಸರವಾಯಿತು. ಆಮೇಲೆ ಅವಳು ಸೀರೆಗಳ ನೆರಳಿನಲ್ಲೇ ಊರನ್ನು ಕಾಣಲು ಕಲಿತಳು. ನೀಲಿ ಸೀರೆ ಗಾಳಿಗೆ ಉಬ್ಬಿದರೆ ಹಿನ್ನೀರು, ಕೆಂಪು ಸೀರೆ ಉಬ್ಬಿದರೆ ಕಣ. ಎರಡೂ ಒಟ್ಟಿಗೆ ಉಬ್ಬಿದಾಗ ಕಣ್ಣು ಮುಚ್ಚುತ್ತಿದ್ದಳು.

"ನಿದ್ದಿಯೊಳಗ ಕೊರಳಾಗ ನೀಲಿ ಐತಿ ಅಂತ ಬಡಬಡಸ್ತಿದ್ದೆಲ್ಲ, ಏನ್ ಹಂಗಂದ್ರ?" ಎಂದು ಬಾಳವ್ವ ಒಮ್ಮೆ ಕೇಳಿದಳು.

"ಏನಿಲ್ಲ ಬಿಡಬೇ, ಬಣ್ಣ ಅದು."

"ಶಿವಂದೂ ನೀಲಿ ಕೊರಳಾ ಅಲ್ಲನು. ನುಂಗಲಿಲ್ಲ, ಉಗುಳಲಿಲ್ಲ, ಅಲ್ಲೇ ಇಟಗೊಂಡ. ಅಂವ ದೇವರು, ತಡಕೊಂಡ." ಬಾಳವ್ವ ಅಷ್ಟು ಹೇಳಿ ಕಟ್ಟಿಗೆ ಒಲೆಯ ಕಡೆ ಹೋದಳು. ತಾಯಂದಿರಿಗೆ ಎಷ್ಟು ಗೊತ್ತಿರುತ್ತದೆ, ಎಷ್ಟು ಗೊತ್ತಿರುವುದಿಲ್ಲ ಎಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ.

ಇಮಾಮಸಾಬ ವಸ್ತಾದ ದಿನಾ ಸಂಜೆಗೆ ಬರುತ್ತಿದ್ದರು. ಹಿತ್ತಾಳೆ ಗಿಂಡಿಯಲ್ಲಿ ಬಾದಾಮಿ ಅರೆದು ಹಾಕಿದ ಥಂಡಾಯಿ ತಂದು, ಕಸ್ತೂರಿಗೆ ಕಾಣುವ ಹಾಗೆ ಕಿಟಕಿಯ ಪಕ್ಕ ಕೂರುತ್ತಿದ್ದರು. ಬಿಳಿ ಗಡ್ಡ, ಮುರಿದು ಮುದ್ದೆಯಾದ ಕಿವಿಗಳು, ಮಂಡಿಯ ಮೇಲೆ ಎರಡು ದೊಡ್ಡ ಕೈಗಳು. ಅವಳು ಮುಖ ನೋಡಲಾರದೆ ಕೈಗಳನ್ನೇ ನೋಡುತ್ತಿದ್ದಳು.

"ಕುಡಿ ಬೇಟಾ. ಗುಳಿಗಿಲೆ ಶಕ್ತಿ ಬರತೈತೇನು?"

"ಕುಡೀತೀನಿ ವಸ್ತಾದ."

"ಸುದ್ದಿ ಕೇಳಿದೇನು? ಆ ಹಳಿಯಾಳದಾಕಿ ಇನ್ನ ಕಣಕ್ಕ ಇಳಿಯೂದಿಲ್ಲ ಅಂತ ಹನಮಪ್ಪ ದೇವರ ಮುಂದ ಆಣಿ ಮಾಡ್ಯಾಳಂತ. ಮಾಡಲಿ. ಕೈಯಾಗ ದಯಾ ಇಲ್ಲದವರಿಗೆ ಕುಸ್ತಿ ಯಾಕ?"

ಕಸ್ತೂರಿಯ ಕೈಯ ಲೋಟ ನಿಂತಿತು. "ಆಕಿ ಪಟ್ಟು ಸರೀನ ಹಾಕಿದ್ಳು ವಸ್ತಾದ. ನೀವಾ ಅಲ್ಲೇ ಇದ್ರಿ."

"ಸರಿ ಹಾಕಿದ್ರ ನೀ ಹಿಂಗ ಯಾಕ ಕುಂಡ್ರತಿದ್ದಿ? ಪಟಗಾ ನನ್ನ ಟ್ರಂಕಿನಾಗ ಐತಿ. ನಾ ಸುತ್ತಲಿಲ್ಲ, ಸುತ್ತೂದೂ ಇಲ್ಲ."

ಅವರ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಗೆದ್ದವರಿಗೆ ಪಟಗಾ, ಎಂದರೆ ಜರಿಯಂಚಿನ ರುಮಾಲು, ಸೋತವರ ವಸ್ತಾದನೇ ಸುತ್ತಬೇಕು. ವಸ್ತಾದ ನಿಂತಲ್ಲಿ ನಿಂತು, ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಗೆದ್ದವರ ತಲೆಯನ್ನು ಒಂದು ಅಂಗೈಯಲ್ಲಿ ಬುಗುರಿಯ ಹಾಗೆ ಅತ್ತಿತ್ತ ತಿರುಗಿಸುತ್ತ ಸುತ್ತುತ್ತಿದ್ದರು. ಅದನ್ನು ನೋಡಲೆಂದೇ ಜನ ಕೊನೆಯವರೆಗೂ ಏಳುತ್ತಿರಲಿಲ್ಲ. ಅಂದು ಕುಸ್ತಿ ಮುಗಿಯುವಷ್ಟರಲ್ಲಿ ಕಣದಲ್ಲಿ ಬೆಳಕು ಸಾಲದಾಗಿ ಪಟಗಾ ಮರುದಿನಕ್ಕೆ ಉಳಿದಿತ್ತು. ಮರುದಿನ ಯಾರಿಗೂ ಆ ಮನಸ್ಸಿರಲಿಲ್ಲ.

"ಈ ಪಟ್ಟಿ ಬಿಚ್ಚಿದ ದಿನಾ ಒಂದ ಸಲ ಚಂದಾಗಿ ನೆಟಿಗಿ ತಗದಬಿಡ್ತೀನಿ ಬೇಟಾ. ಆ ಡಾಕ್ಟರಬಾಯಿ ಬ್ಯಾಡ ಅಂತಾಳ. ಅಕಿಗೇನ ಗೊತ್ತು, ಅಕಿ ಚಿತ್ರಾ ನೋಡಾಕಿ. ನಾ ಕೊರಳ ನೋಡಾಂವ."

ಅಷ್ಟರಲ್ಲಿ ಬಾಳವ್ವ ಒಲೆಯ ಮುಂದಿನಿಂದ ಎದ್ದು ಬಂದಳೆಂದು ಬಳೆಯ ಸದ್ದು ಹೇಳಿತು. "ಅಯ್ಯ ಶಿವನ, ರೊಟ್ಟಿ ಬಡದು ಬಡದು ಕುತ್ತಿಗಿ ಕಟ್ಟಿಗಿ ಆಗೇತಿ," ಎಂದು ಹಿಂದೆಲ್ಲೋ ಕೂತಳು.

"ಬಾ, ಕುಂಡ್ರು ಇಲ್ಲೆ. ಕಟಕ್ ಅನಿಸ್ತೀನಿ," ಎಂದು ವಸ್ತಾದರು ಎದ್ದರು.

ಕಿಟಕಿಯ ಪಕ್ಕದಿಂದ ಅವರ ಕೈಗಳು ಮಾಯವಾದವು. ಕಸ್ತೂರಿಗೆ ಕಂಡದ್ದು ಸೀರೆಗಳು ಮಾತ್ರ. ಎಣ್ಣೆ ಬಟ್ಟಲಿನ ಸದ್ದಾಯಿತು. ಅಂಗೈಗಳು ಒಂದಕ್ಕೊಂದು ಉಜ್ಜಿದ ಸದ್ದಾಯಿತು. ತಾಯಿಯ ಕಿವಿಯ ಬುಗುಡಿ ಒಮ್ಮೆ ಎಡಕ್ಕೆ ಕಿಣಿ ಎಂದಿತು, ಒಮ್ಮೆ ಬಲಕ್ಕೆ.

"ಬಿಡವ್ವಾ," ಎಂದರು ವಸ್ತಾದರು, ಮೆಲ್ಲಗೆ.

ಕಸ್ತೂರಿಗೆ ತಿರುಗಲಾಗುವುದಿಲ್ಲ. ತಾಯಿ ಉಸಿರನ್ನು ಹೊರಗೆ ಬಿಡುವುದು ಕೇಳಿಸಿತು.

"ಬ್ಯಾಡ." ತನ್ನ ದನಿ ಇಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ. "ವಸ್ತಾದ, ಕೈ ತಗೀರಿ. ನಮ್ಮವ್ವನ ಕುತ್ತಿಗಿ ಬಿಡ್ರಿ."

ವಸ್ತಾದರೇ ನಡೆದು ಬಂದು ಕಿಟಕಿಯ ಬೆಳಕಿನಲ್ಲಿ ನಿಂತರು. ಎಣ್ಣೆ ಹಚ್ಚಿದ ಎರಡೂ ಕೈ ಮೈಯಿಂದ ದೂರ ಹಿಡಿದಿದ್ದರು, ಎಲ್ಲಿ ಒರೆಸಬೇಕೋ ತಿಳಿಯದವರ ಹಾಗೆ.

"ಯಾಕ ಬೇಟಾ?"

"ನಾಳೆ ನನ್ನ ಜೋಡಿ ದವಾಖಾನಿಗೆ ಬರ್ರಿ. ನಿಮಗೊಂದು ತೋರಸೂದೈತಿ. ಹಳಿಯಾಳಕ್ಕೂ ಫೋನ್ ಮಾಡತೀನಿ, ರುಕ್ಮಾನೂ ಬರಲಿ." ಸೀರೆಗಳ ಕಡೆಗೇ ನೋಡುತ್ತ ಹೇಳಿದಳು. "ಬರೂತನಾ ಯಾರ ಕುತ್ತಿಗಿಗೂ ಕೈ ಹಾಕಬ್ಯಾಡ್ರಿ. ನನ್ನ ಆಣಿ."

ಮರುದಿನ ಮಧ್ಯಾಹ್ನ ಅನಸೂಯಾ ಪರದೆಯ ಮುಂದೆ ಎರಡನೆಯ ಕುರ್ಚಿ ಹಾಕಿದರು. ಗಾಜಿನ ಆಚೆ ಕಸ್ತೂರಿ ತೊಟ್ಟಿಲಲ್ಲಿ ಮಲಗಿದ್ದಳು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಬಾಳವ್ವ, ಇನ್ನೊಂದು ತುದಿಯಲ್ಲಿ ಬಸ್ಸಿಳಿದು ಬಂದ ರುಕ್ಮಾ.

"ಆಕಿ ಹೂಂ ಅಂದಾಳ, ಅದಕ್ಕ ತೋರಸಾಕತ್ತೀನಿ," ಎಂದರು ಅನಸೂಯಾ. "ನಡುವ ಬ್ಯಾಡ ಅನಸಿದ್ರ ಹೇಳ್ರಿ ಕಾಕಾ."

"ಅನಸೂದಿಲ್ಲ. ಎಂಥೆಂಥಾ ಕುಸ್ತಿ ನೋಡೀನಿ ನಾ."

ಹಾಡು ಶುರುವಾಯಿತು. ಕೊರಳು ಮೂಡಿತು. ಕೆಂಪು ಗುರುತು ಕಂಡೊಡನೆ ಮುದುಕರು ಮುಂದೆ ಬಾಗಿದರು. "ಇದಾ ನೋಡ್ರಿ. ಇದಾ ಆಕಿ ಹಾಕಿದ್ದು."

"ಹೌದು. ಪೆಟ್ಟ ಬಿದ್ದೈತಿ, ಮಾಂಸ ಬಾತೈತಿ. ಆದ್ರ ಅಲ್ಲಿ ಏನೂ ಹರದಿಲ್ಲ. ಹರದದ್ದು ಈ ಕಡೆ." ಅನಸೂಯಾ ನೀಲಿಯನ್ನು ಬಿಡಿಸಿದರು.

ಪರದೆಯ ಮೇಲಿನ ಕೊರಳು ಎಡಕ್ಕೊಮ್ಮೆ ತೂಗಿತು. ಬಲಕ್ಕೊಮ್ಮೆ ತೂಗಿತು.

ಇಮಾಮಸಾಬರ ಕೈಗಳು ಮಡಿಲಲ್ಲಿ ಅಲುಗಿದವು. ಅವರು ಅಲುಗಿಸಲಿಲ್ಲ, ತಾವಾಗಿ ಅಲುಗಿದವು. ಚಿತ್ರದ ಜೊತೆ ತೂಗಿದವು, ಚಿತ್ರ ನಿಂತಲ್ಲಿ ನಿಂತವು, ಉಸಿರು ಕಾದವು. ಅವರ ತುಟಿ, ಸದ್ದಿಲ್ಲದೆ, ಬಿಡು ಎಂದಿತು.

"ಬಿಟ್ಟೀನಿ ವಸ್ತಾದ," ಎಂದಿತು ಸ್ಪೀಕರು.

ಕೊರಳು ತಿರುಗಿತು. ಎಡಗಡೆಯ ನಾಳದೊಳಗಿನ ಅಸ್ತರು, ಸೀರೆಯ ಸೆರಗು ಮುಳ್ಳಿಗೆ ಸಿಕ್ಕಿ ಹರಿಯುವ ಹಾಗೆ, ಇಷ್ಟೇ ಇಷ್ಟು ಹರಿಯಿತು.

ಅನಸೂಯಾ ಚಿತ್ರ ನಿಲ್ಲಿಸಿದರು. ಹಾಡು ಮಾತ್ರ ಗುಂಯ್ ಎನ್ನುತ್ತಿತ್ತು. ಮುದುಕರು ಮತ್ತೊಮ್ಮೆ ತೋರಿಸು ಎನ್ನಲಿಲ್ಲ. ಯಾರ ಕೈ ಎಂದೂ ಕೇಳಲಿಲ್ಲ.

"ಇದು ಯಾಕ ನೀಲಿ ಐತಿ?" ಎಂದು ಕೇಳಿದರು.

"ಮಷೀನಿಗೆ ಹಂಗ ಕಲಿಸ್ಯಾರ ಕಾಕಾ. ಸಿಟ್ಟಿಲೆ, ರಭಸಲೆ ಬಂದದ್ದು ಕೆಂಪು. ಪ್ರೀತಿಲೆ ಹಿಡದದ್ದು ನೀಲಿ."

"ಕೆಂಪ ಮಾಡ್ರಿ ಅದನ್ನ."

"ಕೆಂಪ ಮಾಡಿದ್ರೂ ಸುಳ್ಳಾ ಅಕ್ಕೈತಿ."

ಅವರು ಪರದೆಗೆ ಇನ್ನಷ್ಟು ಹತ್ತಿರ ಹೋದರು. ಹರುಕಿನ ಸುತ್ತಮುತ್ತ, ಮೇಲೆ ಕೆಳಗೆ, ಮುಂಜಾವಿನ ಹೊಲದ ಮೇಲಿನ ಮಂಜಿನ ಹಾಗೆ ಸಣ್ಣಸಣ್ಣ ನೀಲಿ ಗುರುತುಗಳು ಹರಡಿಕೊಂಡಿದ್ದವು. "ಇವೆಲ್ಲಾ?"

"ಇವೂ ನಿಮ್ಮವಾ. ಆಕಿ ಸಣ್ಣಾಕಿದ್ದಾಗಿಂದ. ಇವುಗಳಿಂದ ಏನೂ ಆಗಿಲ್ಲ. ಅವತ್ತ ಕೊರಳ ಪೆಟ್ಟ ತಿಂದಿತ್ತು, ಅದಕ್ಕ ತಡಕೊಳ್ಳಲಿಲ್ಲ."

"ಆಕಿಗೆ ಮೊದಲಿಂದ ಗೊತ್ತಿತ್ತೇನು? ನಾ ದಿನಾ ಹೋಗಿ ಮುಂದ ಕುಂಡ್ರತಿದ್ನೆಲ್ಲ."

"ಗೊತ್ತಿತ್ತು."

ಇಮಾಮಸಾಬರು ತಮ್ಮ ಕೈಗಳನ್ನು ತಿರುಗಿಸಿ ಅಂಗೈ ನೋಡಿಕೊಂಡರು. ಕುರ್ಚಿಯ ತೋಳು ಹಿಡಿಯದೆ ಎದ್ದರು. ಬಾಗಿಲ ಹತ್ತಿರ ನಿಂತು, "ಕೂಡತೈತೇನು ಅದು?" ಎಂದು ಕೇಳಿದರು.

"ಹೆಪ್ಪು ಕರಗಾಕತ್ತೈತಿ. ಕೂಡತೈತಿ. ಆದ್ರ ವರ್ಷಗಟ್ಟಲೆ ಕಣಕ್ಕ ಇಳಿಯೂಹಂಗಿಲ್ಲ. ನೆಟಿಗಿ ಮಾತ್ರ ಎಂದೂ ಬ್ಯಾಡ. ಆಕಿಗಷ್ಟಾ ಅಲ್ಲ, ಯಾರಿಗೂ."

ಅವರು ಹೊರಗೆ ಬಂದು ರುಕ್ಮಾಳ ಮುಂದೆ ನಿಂತರು. ಅವಳು ಹೊಡೆತಕ್ಕೆ ಸಿದ್ಧಳಾದವಳ ಹಾಗೆ ಎದ್ದಳು.

"ಕುಂಡ್ರು. ನಾ ಬರೂತನಾ ಎಲ್ಲೂ ಹೋಗಬ್ಯಾಡ," ಎಂದಷ್ಟೇ ಹೇಳಿ, ಮುದುಕರು ಬಿಸಿಲಿಗೆ ಇಳಿದು ಹೋದರು.

ಕಸ್ತೂರಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಹೊರಗೆ ತಂದರು. ಎಡಕ್ಕೆ ತಿರುಗಿದ ಮುಖಕ್ಕೆ ಬೆಂಚು ನೇರವಾಗಿ ಬರುವ ಹಾಗೆ ಅನಸೂಯಾ ಕುರ್ಚಿಯನ್ನೇ ತಿರುಗಿಸಿ ನಿಲ್ಲಿಸಿದರು. ಮಂಪರು ಪೂರ್ತಿ ಇಳಿದಿರಲಿಲ್ಲ. ಕಾರಿಡಾರಿನ ಬಿಸಿಲು ನೀರಿನ ಹಾಗೆ ನೆಲದ ಮೇಲೆ ಅಲುಗುತ್ತಿತ್ತು. ಬಾಳವ್ವ ಮಗಳ ಕಡೆ ನೋಡಿದಳು, ರುಕ್ಮಾಳ ಕಡೆ ನೋಡಿದಳು. ಕಸ್ತೂರಿಯ ಹೂಂ ಪಡೆದು ಅನಸೂಯಾ ಬಾಳವ್ವನ ಕಿವಿಯಲ್ಲಿ ಮೆಲ್ಲಗೆ ಎಲ್ಲವನ್ನೂ ಹೇಳಿದರು. ಬಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತನ್ನ ಕುತ್ತಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆಮೇಲೆ ಎದ್ದು, ಬೆಂಚಿನ ನಡುವಿಗೆ ಸರಿದು ಕೂತು, ರುಕ್ಮಾಳ ಮಡಿಲಲ್ಲಿದ್ದ ಚೀಲಕ್ಕೆ ಕೈ ಹಾಕಿದಳು. "ಈ ಸಲಾನೂ ಬಾಳಿಹಣ್ಣೇನು? ನಿಮ್ಮೂರಾಗ ಬ್ಯಾರೆ ಹಣ್ಣ ಬೆಳೆಯೂದಿಲ್ಲನು?" ಎಂದು ಒಂದನ್ನು ಸುಲಿದು ತಿನ್ನತೊಡಗಿದಳು. ಅವಳ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

ವಸ್ತಾದರು ಮರಳಿ ಬಂದಾಗ ಕಂಕುಳಲ್ಲಿ ಗುಲಾಬಿ ಬಣ್ಣದ, ಜರಿಯಂಚಿನ ಪಟಗಾ ಇತ್ತು. ಟ್ರಂಕಿನ ನುಸಿಗುಳಿಗೆಯ ವಾಸನೆ ಅದರ ಜೊತೆಗೇ ಬಂತು. ರುಕ್ಮಾ ಅದನ್ನು ನೋಡಿ ಹಿಂದೆ ಸರಿದಳು.

"ಬ್ಯಾಡ್ರಿ. ನಾ ಕಣಾ ಬಿಟ್ಟೀನಿ. ಹನಮಪ್ಪನ ಮುಂದ ಆಣಿ ಮಾಡೀನಿ."

"ಯಾರ ತಪ್ಪಿಗೆ ಮಾಡಿದಿ?"

"ನನ್ನ ತಪ್ಪಿಗೆ."

"ತಪ್ಪ ನಂದು. ನನ್ನ ತಪ್ಪಿಗೆ ನೀ ಆಣಿ ಮಾಡಿದ್ರ ಹನಮಪ್ಪ ತಗೊಳ್ಳತಾನೇನು? ತಿರಗಿ ಕೊಟ್ಟ ಕಳಿಸ್ಯಾನ." ಅವರು ಕಸ್ತೂರಿಯ ಕಡೆ ನೋಡಿದರು. ಅವಳೂ ಅಂದು ಮೊದಲ ಸಲ ಅವರ ಮುಖ ನೋಡಿದಳು. "ಬೇಟಾ, ಸುತ್ತಲೇನು?"

"ಸುತ್ತರಿ ವಸ್ತಾದ. ಆಕಿ ಗೆದ್ದಾಳ."

ರುಕ್ಮಾ ಬೆಂಚಿನ ಮುಂದೆ ಬಂದು ನಿಂತಳು. ವಸ್ತಾದರು ಮುಟ್ಟುತ್ತಾರೆಂದು ತಲೆಯನ್ನು ಬಗ್ಗಿಸಿ, ರೂಢಿಯ ಹಾಗೆ ಕೊರಳನ್ನು ಸಡಿಲ ಬಿಟ್ಟಳು. "ಕುತ್ತಿಗಿ ಹೆಂಗ ಇಟಗೊಳ್ಳಲಿ?"

"ಹೆಂಗೈತಿ ಹಂಗಾ ಇರಲಿ."

ಇಮಾಮಸಾಬರು ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಲಿಲ್ಲ. ರುಕ್ಮಾಳ ಕೈಗೇ ಕೊಟ್ಟು ಎದೆಗೆ ಹಿಡಿದುಕೊಳ್ಳುವಂತೆ ಸನ್ನೆ ಮಾಡಿದರು. ಅವಳ ತಲೆಗೆ ಅಂಗೈ ಇಡಲಿಲ್ಲ. ಪಟಗಾದ ಮಡಿಕೆಗಳನ್ನು ಬಿಚ್ಚುತ್ತ, ತಾವೇ ಅವಳ ಸುತ್ತ ನಡೆಯತೊಡಗಿದರು. ಕಸ್ತೂರಿ ಕದಲದೆ ನೋಡುತ್ತಿದ್ದಳು. ಮುದುಕರು ರುಕ್ಮಾಳ ಹಿಂದೆ ಮರೆಯಾಗುತ್ತಿದ್ದರು, ಗುಲಾಬಿ ಬಟ್ಟೆ ಅವರ ಹಿಂದೆ ತೇಲುತ್ತಿತ್ತು, ಮತ್ತೆ ಇನ್ನೊಂದು ಕಡೆಯಿಂದ ಬರುತ್ತಿದ್ದರು, ಉಬ್ಬಸಪಡುತ್ತ, ಮಂಡಿ ನೋವಿಗೆ ಒಂದು ಕಾಲು ಎಳೆಯುತ್ತ. ಒಂದು ಸುತ್ತಿಗೆ ಜರಿ ಬಿಸಿಲಿಗೆ ಬೀಳುತ್ತಿತ್ತು, ಇನ್ನೊಂದು ಸುತ್ತಿಗೆ ನೆರಳಿಗೆ. ನಡುವೆ ನಿಂತ ಹುಡುಗಿಯ ಕೊರಳು ಕೂದಲೆಳೆಯಷ್ಟೂ ಅಲುಗಲಿಲ್ಲ.